ಅವೆಲಿನಾಳ ಪಾಲಿನ ಗುಂಡಿ

ಓರ್ವಿನ್ ಆ ಮನೆಯ ಅಳಿಯನಾಗಿ ಬಂದು ತಲೆ ನರೆಯತೊಡಗಿದ್ದರೂ ಅತ್ತೆ ಅವೆಲಿನಾಳ ಮುಖವನ್ನು ಒಮ್ಮೆಯೂ ನೇರವಾಗಿ ನೋಡಿರಲಿಲ್ಲ. ಈ ಕರಾವಳಿಯ ನಮ್ಮ ಮಿಸ್ಕಿಟೊ ಜನರಲ್ಲಿ ಮದುವೆಯಾದ ಗಂಡಸು ಹೆಂಡತಿಯ ತಾಯಿಯ ಅಂಗಳಕ್ಕೆ ಬಂದು ಇರುತ್ತಾನೆ. ಆದರೆ ಅತ್ತೆಯ ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಅವಳೊಡನೆ ಮಾತಾಡುವುದಿಲ್ಲ. ಅವಳು ಸತ್ತ ದಿನ, ಹೆಣಕ್ಕೆ ಸ್ನಾನ ಮಾಡಿಸಿ ಮಲಗಿಸಿದ ಮೇಲೆ, ಮೊದಲ ಸಲ ಬಳಿಗೆ ಹೋಗಿ ಮುಖ ನೋಡುತ್ತಾನೆ. ಈಗಿನ ಹುಡುಗರು ಇದನ್ನೆಲ್ಲ ನಕ್ಕು ಬಿಟ್ಟುಬಿಟ್ಟಿದ್ದಾರೆ. ಅವೆಲಿನಾ ಬಿಟ್ಟಿರಲಿಲ್ಲ.

ಹಾಗೆಂದು ಆ ಮನೆಯಲ್ಲಿ ಮಾತಿಗೆ ಬರವೇನೂ ಇರಲಿಲ್ಲ. ಅವೆಲಿನಾ ಕೋಳಿಯೊಡನೆ ಮಾತಾಡುತ್ತಿದ್ದಳು.

"ಏ ಕೋಳಿ, ಮೀನು ತಂದೋರು ಉಪ್ಪು ತರೋದನ್ನ ಮರ್ತಿದಾರೆ ನೋಡು. ಹೆಂಡ್ತಿ ಕಣ್ಣೀರಲ್ಲೇ ಬೇಯಿಸ್ಕೊಂಡು ತಿಂತಾರೋ ಏನೋ."

ಅಂಗಳದ ಇನ್ನೊಂದು ತುದಿಯಲ್ಲಿ ಬೆನ್ನು ಮಾಡಿ ಕೂತ ಓರ್ವಿನ್ ದೋಣಿಯ ಹುಟ್ಟಿಗೆ ಹೇಳುತ್ತಿದ್ದ. "ಅಂಗಡೀಲಿ ಉಪ್ಪು ಮುಗಿದಿತ್ತು ಅಂತ ಹೇಳಪ್ಪ. ಕೆಲವರ ನಾಲಿಗೇಲೇ ಬೇಕಾದಷ್ಟಿದೆ, ಅದನ್ನೇ ಹಾಕ್ಲಿ."

ನಡುವೆ ಕೂತು ಮರಗೆಣಸು ಸುಲಿಯುತ್ತಿದ್ದ ಓರ್ವಿನ್‌ನ ಹೆಂಡತಿ ನೆಲ್ಡಾ ನಗು ತಡೆಯಲಾರದೆ ತಲೆ ತಗ್ಗಿಸುತ್ತಿದ್ದಳು. ತನ್ನ ಬದುಕಿನಲ್ಲಿ ಸುಖವೆಂಬುದು ಇದ್ದರೆ ಅದು ಕೋಳಿಗೂ ಹುಟ್ಟಿಗೂ ನಡುವಿನ ಈ ಜಾಗವೇ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಓರ್ವಿನ್ ಲಾಬ್‌ಸ್ಟರ್ ಹಿಡಿಯಲು ಸಮುದ್ರದಲ್ಲಿ ಮುಳುಗುತ್ತಿದ್ದವನು. ಒಂದು ದಿನ ಆಳದಿಂದ ತೀರ ಬೇಗ ಮೇಲೆ ಬಂದ. ಹಾಗೆ ಬಂದರೆ ರಕ್ತದಲ್ಲಿ ಗುಳ್ಳೆ ಕಟ್ಟಿ ಕೈಕಾಲು ಬಿದ್ದುಹೋಗುತ್ತದೆ. ದೋಣಿಯ ಅಂಚು ಹಿಡಿದುಕೊಂಡಾಗ ಸೊಂಟದ ಕೆಳಗೆ ಏನೂ ತಿಳಿಯಲಿಲ್ಲ. ನಮ್ಮ ಕರಾವಳಿಯಲ್ಲಿ ಇಂಥ ಗಂಡಸರು ಮನೆಗೊಬ್ಬರು ಇದ್ದಾರೆ. ಚರ್ಚಿನವರು ಒಂದು ಗಾಲಿಕುರ್ಚಿ ಕೊಟ್ಟರು. ನಮ್ಮ ಊರು ಅವಾಸ್ ಸಿರ್ಪಿಯ ನೆಲವೆಲ್ಲ ಮರಳು, ಗಾಲಿ ಹೂತುಹೋಗುತ್ತಿತ್ತು. ಕುರ್ಚಿ ಕಂಬಗಳ ಮೇಲೆ ನಿಂತ ಮನೆಯ ಕೆಳಗೆ, ಅವನು ಕುರ್ಚಿಯ ಮೇಲೆ, ವರ್ಷಗಳು ಹಾಗೇ ಹೋದವು.

ಆಮೇಲೆ ಒಳನಾಡಿನಿಂದ ಡಾನ್ ರೊಮಿಲ್ಯೊ ಬಂದ. ಊರ ಹಿಂದಿನ ಹುಲ್ಲುಬಯಲನ್ನು ತಟ್ಟಿ, ಗಟ್ಟಿ ಮಾಡಿ, ವಿಮಾನ ಇಳಿಯುವ ಓಡುಪಟ್ಟಿ ಮಾಡಿಸಿದ. ದಕ್ಷಿಣದಿಂದ ಸಣ್ಣ ವಿಮಾನಗಳು ಬಂದು ಮಾಲು ಇಳಿಸಿ ಹೋಗತೊಡಗಿದವು. ಏನು ಮಾಲು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಿಂದೆಲ್ಲ ಆ ಬಿಳಿ ಪುಡಿಯ ಮೂಟೆಗಳು ಸಮುದ್ರದಲ್ಲಿ ತೇಲಿ ಬರುತ್ತಿದ್ದವು, ಈಗ ಆಕಾಶದಿಂದ ಬಂದವು. ಓರ್ವಿನ್‌ಗೆ ಒಂದು ರೇಡಿಯೊ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡರು. ಗಾಳಿ ಯಾವ ಕಡೆ ಬೀಸುತ್ತಿದೆ, ಪಟ್ಟಿಯ ಮೇಲೆ ದನ ಇವೆಯೇ ಎಂದು ಹೇಳುವುದು ಅವನ ಕೆಲಸ.

ಊರಿನಲ್ಲಿ ಗಾಲಿ ಉರುಳುವ ನೆಲ ಅದೊಂದೇ ಆಗಿತ್ತು. ಮೊದಲ ದಿನ ಅವನು ಪಟ್ಟಿಯ ಈ ತುದಿಯಿಂದ ಆ ತುದಿಗೆ ತಾನೇ ಕುರ್ಚಿ ಓಡಿಸಿಕೊಂಡು ಹೋದದ್ದನ್ನು ನೆಲ್ಡಾ ಪೈನ್ ಮರದ ಮರೆಯಲ್ಲಿ ನಿಂತು ನೋಡಿದಳು. ಹಿಂದಿರುಗಿ ಬಂದವನ ಮುಖ ಬಿಸಿಲಿಗೆ ಕೆಂಪಾಗಿತ್ತು, ಅಂಗೈ ಬೊಬ್ಬೆ ಎದ್ದಿತ್ತು. ಅವಳು ಎಣ್ಣೆ ಹಚ್ಚಿದಳು. ಇಂಥ ಕೆಲಸದಿಂದ ಬಂದ ಸಂತೋಷವನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ತಾಯಿಗೂ ಹೇಳುವಂತಿರಲಿಲ್ಲ, ದೇವರಿಗೂ ಹೇಳುವಂತಿರಲಿಲ್ಲ. ಇಟ್ಟುಕೊಂಡಳು, ಅಷ್ಟೆ.

ಪಟ್ಟಿಯ ಮೂಡಣ ತುದಿಯಲ್ಲಿ ಅವೆಲಿನಾಳ ಮರಗಳಿದ್ದವು. ಮೂರು ತೆಂಗು, ಒಂದು ದೀವಿಹಲಸು. ನೆಲ್ಡಾ ಹುಟ್ಟಿದ ವರ್ಷ ನೆಟ್ಟವು. ಮೇಲೇಳುವಾಗ ರೆಕ್ಕೆಗೆ ತಾಗುತ್ತವೆ, ಕಡಿಯಬೇಕು ಎಂದು ರೊಮಿಲ್ಯೊ ಹೇಳಿಕಳಿಸಿದ. ಆ ಸುದ್ದಿಯನ್ನು ಓರ್ವಿನ್ ಹುಟ್ಟಿಗೆ ಹೇಳಿದ. ಅವೆಲಿನಾ ಕೋಳಿಯ ಕಡೆ ತಿರುಗಿದಳು.

"ನಾನು ಸತ್ತ ದಿನ ಹೇಗೂ ಕಡೀತಾರೆ. ಅಲ್ಲೀವರೆಗೂ ಕಾಯೋಕ್ ಹೇಳು. ತುಂಬಾ ದಿನ ಏನ್ ಆಗಲ್ಲ."

ಅದು ನಮ್ಮ ಹಳೆಯ ಪದ್ಧತಿ. ಯಾರಾದರೂ ಸತ್ತರೆ ಅವರು ನೆಟ್ಟ ಹಣ್ಣಿನ ಮರಗಳನ್ನು ಕಡಿಯುತ್ತೇವೆ. ಇಲ್ಲದಿದ್ದರೆ ಸತ್ತವರು ತಮ್ಮ ಕಾಯಿಯ ಆಸೆಗೆ ತಿರುತಿರುಗಿ ಬರುತ್ತಾರೆ. ನೆಲ್ಡಾಳ ತಂದೆ ಹೋದಾಗ ಅವನ ಮಾವಿನಮರ ಕಡಿದಿದ್ದರು. ಆ ಸೊನೆಯ ವಾಸನೆ ಅವಳಿಗೆ ಈಗಲೂ ನೆನಪಿತ್ತು. ಅಪ್ಪ ಹೋದದ್ದು ತನಗೆ ಅರ್ಥವಾದದ್ದು ಪೆಟ್ಟಿಗೆ ಮಣ್ಣಿಗಿಳಿದಾಗ ಅಲ್ಲ, ಮರ ನೆಲಕ್ಕೆ ಬಿದ್ದಾಗ ಎಂದು ಅವಳು ಹೇಳುತ್ತಿದ್ದಳು.

ಓರ್ವಿನ್ ಅತ್ತೆಯ ಮಾತನ್ನು ಹಾಗೇ ರೊಮಿಲ್ಯೊಗೆ ಮುಟ್ಟಿಸಿದ. ಒಳನಾಡಿನವನು ಅದನ್ನು ಮುದುಕಿಯ ತಮಾಷೆ ಎಂದುಕೊಂಡು ನಕ್ಕ.

ಒಂದು ದಿನ ತಾಯಿ ಮಗಳು ಹಿನ್ನೀರಿನ ಆಚೆ ದಡದ ತೋಟಕ್ಕೆ ಮರಗೆಣಸು ಕೀಳಲು ಹೋಗಿದ್ದರು. ಸಂಜೆ ದೋಣಿಯಲ್ಲಿ ಹಿಂದಿರುಗುವಾಗ ದಡದಲ್ಲಿ ಏನೋ ತಪ್ಪಿದಂತೆ ಕಂಡಿತು. ನೆಲ್ಡಾಳಿಗೆ ಏನೆಂದು ತಕ್ಷಣ ಹೊಳೆಯಲಿಲ್ಲ. ಆಕಾಶ ಅಲ್ಲಿ ಅಗಲವಾಗಿತ್ತು. ಮುಂದೆ ಕೂತಿದ್ದ ಅವೆಲಿನಾ ಹುಟ್ಟು ಹಾಕುವುದನ್ನು ನಿಲ್ಲಿಸಿ ಅದನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು. ದಡದವರೆಗೂ ನೆಲ್ಡಾ ಒಬ್ಬಳೇ ದೋಣಿ ನಡೆಸಿದಳು.

ಅಂಗಳದಲ್ಲಿ ಹೊಸ ತಗಡಿನ ಶೀಟುಗಳನ್ನು ಅಟ್ಟಿಯಾಗಿ ಇಟ್ಟು ಹೋಗಿದ್ದರು. ಮರಕ್ಕೆ ಬದಲಾಗಿ ಮಾಡಿಗೆ ಇರಲಿ ಎಂದು ರೊಮಿಲ್ಯೊ ಕಳಿಸಿದ್ದನಂತೆ. ಅವನ ಲೆಕ್ಕದಲ್ಲಿ ಅದು ಉದಾರತನವೇ. ಓರ್ವಿನ್ ಕುರ್ಚಿಯನ್ನು ಕಂಬದ ಕಡೆ ತಿರುಗಿಸಿಕೊಂಡು ಕೂತಿದ್ದ. ತಾನು ಬೇಡವೆಂದೆ, ಅವರು ತನ್ನ ಕುರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟು ಗರಗಸದ ಯಂತ್ರ ಶುರು ಮಾಡಿದರು ಎಂದು ಹುಟ್ಟಿಗೆ ಹೇಳಿದ.

ಕೋಳಿಗೆ ಯಾರೂ ಏನೂ ಹೇಳಲಿಲ್ಲ. ಅವೆಲಿನಾ ಕೈಕಾಲು ತೊಳೆದು ಮೆಟ್ಟಿಲು ಹತ್ತಿ ತನ್ನ ತಟ್ಟೆಯನ್ನು ಮಗುಚಿಟ್ಟಳು. ಒಲೆಯ ಬಳಿಯ ತನ್ನ ಮಣೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ನೆಲ್ಡಾ ಊಟಕ್ಕೆ ಕರೆದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಸತ್ತೋರ್ನ ಯಾರಾದ್ರೂ ಊಟಕ್ಕೆ ಕರೀತಾರೇನೇ? ಮಲ್ಕೋ ಹೋಗು."

ಮೊದಲು ನೆಲ್ಡಾ ಇದನ್ನು ಕೋಪವೆಂದುಕೊಂಡಳು. ಕೋಪವಾಗಿದ್ದರೆ ಇಳಿಯುತ್ತಿತ್ತು. ಅವೆಲಿನಾ ಯಾರ ಮೇಲೂ ಕೂಗಾಡಲಿಲ್ಲ. ಒಲೆಯ ಬಳಿ ಕೂರುವುದನ್ನು ಬಿಟ್ಟಳು. ತಣ್ಣಗಾದದ್ದನ್ನು ಮೂಲೆಯಲ್ಲಿಟ್ಟರೆ ಯಾರೂ ಇಲ್ಲದಾಗ ಎರಡು ತುತ್ತು ತಿನ್ನುತ್ತಿದ್ದಳು. ಚರ್ಚಿಗೆ ಹೋಗಲಿಲ್ಲ, ಮಾತಾಡಿಸಿದರೆ ತಿರುಗಲಿಲ್ಲ. ನಿಧಾನವಾಗಿ ಊರೂ ಅದಕ್ಕೆ ಒಗ್ಗಿಕೊಂಡಿತು. ನಮ್ಮಲ್ಲಿ ಸತ್ತವರ ಹೆಸರು ಹೇಳುವುದಿಲ್ಲ. ಅವೆಲಿನಾ ಎಂಬ ಹೆಸರು ಒಂದೊಂದೇ ಬಾಯಿಂದ ಬಿದ್ದುಹೋಯಿತು. ಪಕ್ಕದ ಮನೆಯ ಹೇಜಲ್ ಕೂಡ, ಬಾಯಿಗೆ ಬೀಗವಿಲ್ಲದ ಹೇಜಲ್ ಕೂಡ, "ನಿಮ್ಮಮ್ಮ ಆಗಿದ್ದೋರು ಹೇಗಿದಾರೆ?" ಎಂದು ಕೇಳಿದಳು.

ಬೆಳಿಗ್ಗೆ ಓರ್ವಿನ್ ಹುಟ್ಟಿನೊಡನೆ ಮಾತಾಡುತ್ತಲೇ ಇದ್ದ. ಗಾಳಿ ಬಡಗಣದಿಂದ ಇದೆ, ಮೀನು ಸಿಗಲ್ಲ ಎನ್ನುತ್ತಿದ್ದ. ಕೆಲವರ ಕೋಳಿ ಮೊಟ್ಟೆ ಇಡೋದನ್ನೇ ಮರೆತಿದೆ ಎಂದು ಕೆಣಕಿ ನೋಡುತ್ತಿದ್ದ. ಸ್ವಲ್ಪ ಹೊತ್ತು ಕಾದು ಗಾಲಿ ತಿರುಗಿಸಿಕೊಂಡು ಹೋಗುತ್ತಿದ್ದ. ನೆಲ್ಡಾಳಿಗೆ ಗಂಡನ ಮೇಲೆ ಕೋಪವಿತ್ತು, ಅವನ ಬೆನ್ನು ಕಂಡರೆ ಅಳುವೂ ಬರುತ್ತಿತ್ತು. ಒಂದಕ್ಕೆ ಪೂರ್ತಿ ಜಾಗ ಕೊಡಲು ಇನ್ನೊಂದು ಬಿಡುತ್ತಿರಲಿಲ್ಲ. ರಾತ್ರಿ ಅವನ ಸತ್ತ ಕಾಲುಗಳನ್ನು ಒಂದೊಂದಾಗಿ ಎತ್ತಿ ಹಾಸಿಗೆಯ ಮೇಲಿಡುವಾಗ, ಈ ಮನೆಯಲ್ಲಿ ಅರ್ಧ ಸತ್ತವರನ್ನು ನೋಡಿಕೊಳ್ಳುವುದೇ ತನ್ನ ಕೆಲಸವಾಯಿತಲ್ಲ ಅನ್ನಿಸುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸೈನ್ಯ ಬಂತು. ಬೆಳಗಿನ ಹೊತ್ತು ಎರಡು ಹೆಲಿಕಾಪ್ಟರು. ಎಲ್ಲರನ್ನೂ ಚರ್ಚಿನ ಹಿಂದೆ ಕೂರಿಸಿ ಕಿವಿ ಮುಚ್ಚಿಕೊಳ್ಳಿ ಎಂದರು. ರೊಮಿಲ್ಯೊನ ಜನ ಹಿಂದಿನ ದಿನವೇ ನದಿ ದಾಟಿದ್ದರು, ಅವರಿಗೆ ಸುದ್ದಿ ಮುಟ್ಟಿಸುವವರು ಎಲ್ಲ ಕಡೆ ಇದ್ದರು. ಸೈನಿಕರು ಓಡುಪಟ್ಟಿಯ ಉದ್ದಕ್ಕೂ ಸಿಡಿಮದ್ದು ಹೂತು ಒಂದರ ಹಿಂದೆ ಒಂದು ಸಿಡಿಸಿದರು. ಕಂಬದ ಮನೆಗಳು ಅಲುಗಾಡಿ ಪಾತ್ರೆ ಬಿದ್ದವು. ರಾಜಧಾನಿಯಿಂದ ಬಂದ ಸಾರ್ಜೆಂಟು, ಇನ್ನು ಈ ಪಟ್ಟಿ ಮುಚ್ಚಿತು, ಇದನ್ನು ತೆರೆದವರು ಜೈಲಿಗೆ ಹೋಗುತ್ತಾರೆ ಎಂದು ಸ್ಪ್ಯಾನಿಷಿನಲ್ಲಿ ಹೇಳಿ, ಒಂದು ಹಲಗೆ ನೆಟ್ಟು, ಮಧ್ಯಾಹ್ನಕ್ಕೆ ಮೊದಲೇ ಹಾರಿಹೋದ.

"ಶಾಲೆ ಕಟ್ಕೊಡಿ ಅಂತ ಅರ್ಜಿ ಹಾಕಿದ್ವಿ," ಎಂದಳು ಹೇಜಲ್ ಗುಂಡಿಗಳನ್ನು ನೋಡುತ್ತ. "ಬಾವಿ ತೋಡ್ಕೊಟ್ಟು ಹೋಗಿದಾರೆ. ಸರ್ಕಾರ ಕಿವುಡು ಕಣೇ."

ಕೊನೆಯ ಗುಂಡಿ ಮೂಡಣ ತುದಿಯಲ್ಲಿ, ಸರಿಯಾಗಿ ಅವೆಲಿನಾಳ ಮರಗಳ ಬುಡ ಇದ್ದಲ್ಲೇ ಬಿದ್ದಿತ್ತು. ಬೇರುಗಳು ಹರಿದು ಹೊರಗೆ ಚಾಚಿದ್ದವು. ಓರ್ವಿನ್ ಮೊದಲ ಗುಂಡಿಯ ಅಂಚಿನವರೆಗೆ ಕುರ್ಚಿ ಉರುಳಿಸಿಕೊಂಡು ಹೋಗಿ, ಅಲ್ಲೇ ನಿಂತು, ಹಿಂದಿರುಗಿದ.

ಗುಂಡಿಯಲ್ಲಿ ಮಳೆನೀರು ಇಂಗುವುದರೊಳಗೆ ರೊಮಿಲ್ಯೊ ಮತ್ತೆ ಬಂದ. ತುಂಬ ಮರ್ಯಾದೆಯಿಂದ ಮಾತಾಡಿದ. ಅವನ ಹಿಂದೆ ಬಂದೂಕು ಹಿಡಿದವರು ನಿಂತಿದ್ದುದರಿಂದ ಗಟ್ಟಿಯಾಗಿ ಮಾತಾಡುವ ಅಗತ್ಯ ಇರಲಿಲ್ಲ. ತೋಟದ ಕೆಲಸದಲ್ಲಿ ಒಬ್ಬರಿಗೊಬ್ಬರು ಕೂಲಿಯಿಲ್ಲದೆ ದುಡಿದುಕೊಡುವಂತೆ ಮುಯ್ಯಾಳಾಗಿ ಮಾಡಿ, ಮನೆಗೊಂದು ಗುಂಡಿ ತುಂಬಿ ಎಂದ. ಅವನು ಹೋದ ಮೇಲೆ ಅಂಗಳದಲ್ಲಿ ಕೂತು ಹಂಚುವ ಕೆಲಸ ಓರ್ವಿನ್‌ನದು. ಕೊನೆಯ ಗುಂಡಿಗೆ ಬಂದಾಗ ಅವನು ತಡವರಿಸಿದ. ಅದನ್ನು ಬೇರೆ ಮನೆಗೆ ಕೊಡುವಂತೆಯೂ ಇರಲಿಲ್ಲ, ತನ್ನ ಮನೆಗೆ ಇಟ್ಟುಕೊಳ್ಳುವಂತೆಯೂ ಇರಲಿಲ್ಲ.

ಮನೆಯ ಮೆಟ್ಟಿಲ ಮೇಲಿಂದ ಧ್ವನಿ ಬಂತು. ಎಷ್ಟೋ ದಿನದಿಂದ ಕೇಳದಿದ್ದ ಧ್ವನಿ.

"ಏ ಕೋಳಿ, ಆ ಗುಂಡಿ ನಂದು ಅಂತ ಹೇಳು. ನಾನೇ ತುಂಬ್ತೀನಿ."

ಓರ್ವಿನ್ ತಿರುಗಿ ನೋಡದೆ ಹುಟ್ಟನ್ನು ತಡಕಿದ. ಅದು ಕೈಗೆ ಸಿಗಲಿಲ್ಲ. "ಆಯ್ತು ಅಂತ ಹೇಳಿ," ಎಂದ, ಯಾರಿಗೂ ಅಲ್ಲದಂತೆ.

ಉಳಿದ ಮನೆಗಳ ಹೆಂಗಸರು ಮರದ ದಿಮ್ಮಿ, ಮರಳಿನ ಚೀಲ ಹಾಕಿ ಗುದ್ದಿ ತುಂಬಿದರು. ಅವೆಲಿನಾ ಕಡಿದು ಬಿದ್ದಿದ್ದ ತನ್ನ ಮರಗಳ ಸೋಗೆಗಳನ್ನು ಎಳೆದು ತಂದಳು. ಕೊಳೆತ ದೀವಿಹಲಸಿನ ಕೊಂಬೆ, ಬಾಳೆಯ ದಿಂಡು, ಒಣಗಿದ ಗರಿ, ಮೊಳೆತ ತೆಂಗಿನಕಾಯಿ, ಎಲ್ಲವನ್ನೂ ಗುಂಡಿಗೆ ಇಳಿಸಿ, ಮೇಲೆ ಮರಳು ಹರಡಿ, ಹುಲ್ಲಿನ ಹೆಂಟೆ ಕೂರಿಸಿ ಅಂಗೈಯಿಂದ ತಟ್ಟಿದಳು. ಮಗುವಿನ ಬೆನ್ನು ತಟ್ಟುವ ಹಾಗೆ.

ನೆಲ್ಡಾ ಮರಳು ಹೊರುತ್ತ ಎಲ್ಲವನ್ನೂ ನೋಡಿದಳು.

"ಅಮ್ಮಾ, ಇದು ಕುಸಿಯುತ್ತೆ."

"ಹೌದಾ?" ಎಂದಳು ತಾಯಿ. ಬೆವರು ಒರೆಸಿಕೊಂಡಳು. "ನಂಗೆ ಹಸಿವಾಗ್ತಿದೆ ಕಣೇ. ಬಾಳೆಕಾಯಿ ಬೇಯಿಸಿ ವಾಬುಲ್ ಮಾಡ್ತೀಯಾ? ತೆಂಗಿನ ಹಾಲು ಜಾಸ್ತಿ ಹಾಕು."

ನೆಲ್ಡಾ ಮನೆಗೆ ಓಡಿದಳು. ಬಾಳೆಕಾಯಿ ಕಿವುಚುವಾಗ ಕಣ್ಣೀರು ಪಾತ್ರೆಗೆ ಬೀಳದ ಹಾಗೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕಾಯಿತು. ಸತ್ತವರಿಗೆ ಹಸಿವಾಗುವುದಿಲ್ಲ.

ಗುಂಡಿಗಳ ಮೇಲೆ ಗಾಡಿ ಓಡಿಸಿ ಗಟ್ಟಿತನ ನೋಡಬೇಕು ಎಂದು ರೊಮಿಲ್ಯೊ ಹೊರಟಾಗ ಹೆಂಗಸರ ಮುಖ ಬಿಗಿಯಿತು. ಮುಯ್ಯಾಳಿನ ಕೆಲಸವನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಇನ್ನೊಬ್ಬರ ಸಾಲನ್ನು ತಿರುಗಿ ನೋಡುವುದೇ ಅವಮಾನ. ಹಾಗೆ ಮಾಡಿದರೆ ಮುಂದಿನ ಸಲ ಒಬ್ಬರೂ ಬರುವುದಿಲ್ಲ ಎಂದು ಓರ್ವಿನ್ ಹೇಳಿದ. ಅತ್ತೆಯ ಗುಂಡಿ ಮೆತ್ತಗಿರುವುದು ತಿಳಿಯದೆ ಅವನು ನಂಬಿಯೇ ಹೇಳಿದ. ರೊಮಿಲ್ಯೊ ನಕ್ಕು, ನಿಮ್ಮ ಜನರ ಮರ್ಯಾದೆ ನನಗೂ ಬೇಕು ಎಂದು ಗಾಡಿ ನಿಲ್ಲಿಸಿದ. ಮರಗಳ ವಿಷಯದಲ್ಲಿ ಇಲ್ಲದ ಈ ಮರ್ಯಾದೆ ಅವನಿಗೆ ಆ ದಿನ ಎಲ್ಲಿಂದ ಬಂತೋ.

ಆಮೇಲಿನ ದಿನಗಳಲ್ಲಿ ಅವೆಲಿನಾಳ ಮಣೆ ಮತ್ತೆ ಒಲೆಯ ಬಳಿ ಬಂತು. ಕೋಳಿಗೆ ಬೈಗುಳ ಬಿತ್ತು. ಹೊಸ ತಗಡಿನ ಮೇಲೆ ಮಳೆಯ ಸದ್ದು ಕೇಳಿ ಯಾರೋ ಕುಡುಕ ತಮಟೆ ಬಡಿದ ಹಾಗಿದೆ ಎಂದಳು, ಓರ್ವಿನ್ ಹುಟ್ಟಿನ ಕಡೆ ತಿರುಗಿ ಬಿದ್ದು ಬಿದ್ದು ನಕ್ಕ. ನೆಲ್ಡಾ ಪ್ರತಿ ದಿನ ಬೆಳಿಗ್ಗೆ ಗಂಡನಿಗೆ ಹೇಳಬೇಕೆಂದುಕೊಂಡು ಏಳುತ್ತಿದ್ದಳು. ಗುಂಡಿ ಮೆತ್ತಗಿದೆ, ಸರಿ ಮಾಡಿಸು, ಇಷ್ಟೇ ಮಾತು. ಹೇಳಿದರೆ ಗುಂಡಿಯನ್ನು ತೋಡಿ ಸೋಗೆಗಳನ್ನು ಹೊರಗೆ ಎಸೆಯುತ್ತಾರೆ, ಮಣೆ ಮತ್ತೆ ಗೋಡೆಗೆ ಒರಗುತ್ತದೆ. ಇವತ್ತು ಬೇಡ ಎಂದುಕೊಳ್ಳುತ್ತಿದ್ದಳು. ತಾಯಿ ಇನ್ನೊಂದು ದಿನ ಇರಲಿ.

ಒಂದು ಮುಸ್ಸಂಜೆ ವಿಮಾನ ಬಂತು. ಹೆಂಗಸರು ಬಟ್ಟೆ ಎತ್ತಿಕೊಳ್ಳುತ್ತಿದ್ದರು. ನೆಲಕ್ಕೆ ತಾಗಿ, ಪಟ್ಟಿಯುದ್ದಕ್ಕೂ ಸರಾಗ ಓಡಿ, ಮೂಡಣ ತುದಿಯಲ್ಲಿ ಇನ್ನೇನು ನಿಲ್ಲಬೇಕು ಎನ್ನುವಾಗ ಮುಂದಿನ ಗಾಲಿ ಹೂತಿತು. ಬಾಲ ಮೇಲೆದ್ದು ವಿಮಾನ ಬೆನ್ನ ಮೇಲೆ ಮಗುಚಿಕೊಂಡಿತು. ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಬೆಂಕಿಯೂ ಹತ್ತಲಿಲ್ಲ. ಓಡಿಹೋಗಿ ನೋಡಿದರೆ ಚಾಲಕ ಸೀಟಿನ ಬೆಲ್ಟಿಗೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿದ್ದ, ಕುತ್ತಿಗೆ ಮುರಿದಿತ್ತು. ಇನ್ನೂ ಹರೆಯದವನು. ಹೊಸ ಬೂಟು, ಅದರ ಲಾಡಿಯನ್ನು ಎರಡು ಗಂಟು ಹಾಕಿ ಕಟ್ಟಿಕೊಂಡಿದ್ದ.

ಅವನನ್ನು ಇಳಿಸಿ ಹುಲ್ಲಿನ ಮೇಲೆ ಮಲಗಿಸಿದರು. ಅವೆಲಿನಾ ಬಂದು ಬಳಿ ಕೂತಳು. ಹೆಸರೇನು ಎಂದು ಸುತ್ತಲಿದ್ದವರನ್ನು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಅವಳು ಅವನ ಕಣ್ಣು ಮುಚ್ಚಿ ತುಂಬ ಹೊತ್ತು ಅಲ್ಲೇ ಇದ್ದಳು.

"ಇವನೂ ಎಲ್ಲೋ ಒಂದು ಮರ ನೆಟ್ಟಿರ್ತಾನೆ," ಎಂದಳು ಮಗಳಿಗೆ. "ಕಡಿಯೋಕೆ ಅವನ ಮನೆಯವ್ರಿಗೆ ಸುದ್ದೀನೇ ಮುಟ್ಟಲ್ಲ."

ನೆಲ್ಡಾ ಆ ರಾತ್ರಿಯೇ ಅವಳನ್ನು ದೋಣಿಯಲ್ಲಿ ಆಚೆ ದಡಕ್ಕೆ ದಾಟಿಸಲು ನೋಡಿದಳು. ತಾಯಿ ಏಳಲಿಲ್ಲ. ನಾನು ಓಡಿಹೋದರೆ ಕುರ್ಚಿಯಲ್ಲಿರುವವನು ಎಲ್ಲಿಗೆ ಓಡುತ್ತಾನೆ ಎಂದಳು, ಅಷ್ಟೇ.

ಬೆಳಗಾದ ಮೇಲೆ ರೊಮಿಲ್ಯೊ ಬಂದ. ಈ ಸಲ ಮರ್ಯಾದೆಯ ಮಾತಿರಲಿಲ್ಲ. ಎಲ್ಲರನ್ನೂ ಗುಂಡಿಯ ಬಳಿ ನಿಲ್ಲಿಸಿ, ಇದು ಯಾರ ಪಾಲಿನದು ಎಂದು ಕೇಳಿದ. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಹೇಜಲ್ ತನ್ನ ಕಾಲುಬೆರಳುಗಳನ್ನು ನೋಡುತ್ತ ನಿಂತಿದ್ದಳು. ರೊಮಿಲ್ಯೊ ಗಾಲಿಕುರ್ಚಿಯ ಕಡೆ ತಿರುಗಿದ.

"ಹಂಚಿದ್ದು ನಾನು," ಎಂದ ಓರ್ವಿನ್. "ಇದು ನಮ್ಮನೇದು. ತುಂಬಿಸಿದ್ದೂ ನಾನೇ."

"ನೀನಾ? ಎದ್ದು ನಿಂತು ಹೇಳು ನೋಡೋಣ," ಎಂದ ಬಂದೂಕಿನವನೊಬ್ಬ. ಒಬ್ಬಿಬ್ಬರು ನಕ್ಕರು. ರೊಮಿಲ್ಯೊ ನಗಲಿಲ್ಲ. ಬಂದೂಕಿನವರು ಕುರ್ಚಿಯ ಎರಡೂ ಪಕ್ಕಕ್ಕೆ ಬಂದು ಹಿಡಿಕೆಗೆ ಕೈ ಹಾಕಿದರು. ನೆಲ್ಡಾಳಿಗೆ ಮುಂದೆ ಹೋಗಬೇಕೆನಿಸಿತು. ತುಂಬಿದ್ದು ನನ್ನ ಗಂಡನಲ್ಲ ಎಂದರೆ ತಾಯಿಯ ಹೆಸರು ಹೇಳಬೇಕು, ಸುಮ್ಮನಿದ್ದರೆ ಗಂಡ ಹೋಗುತ್ತಾನೆ. ನಾನೇ ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಅವೆಲಿನಾ ಚರ್ಚಿಗೆ ಹೋಗುವಾಗಿನ ಬಿಳಿ ಉಡುಪು ತೊಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ನೇರವಾಗಿ ಕುರ್ಚಿಯ ಮುಂದೆ ಬಂದು, ಬಗ್ಗಿ, ಅಳಿಯನ ಗಲ್ಲ ಹಿಡಿದು ಮುಖ ಎತ್ತಿದಳು. ಅವನು ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡಪ್ಪಾ ಓರ್ವಿನ್. ನೋಡು. ಸತ್ತೋರ ಮುಖ ನೋಡ್ಬಹುದು."

ಅವನು ಕಣ್ಣು ತೆರೆದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನೆಲ್ಡಾ ಆ ಎರಡು ಮುಖಗಳನ್ನು ಒಟ್ಟಿಗೆ ಕಂಡದ್ದು ಅದೇ ಮೊದಲು.

"ಇಷ್ಟು ನರೆತುಹೋಗಿದೀಯಾ," ಎಂದಳು ಅವೆಲಿನಾ. "ಕೋಳಿ ನಂಗೆ ಹೇಳ್ಲೇ ಇಲ್ಲ."

"ಅತ್ತೇ," ಎಂದ ಅವನು.

ಅವಳು ರೊಮಿಲ್ಯೊನ ಕಡೆ ತಿರುಗಿ, ಗುಂಡಿ ತನ್ನ ಪಾಲಿನದು, ತಾನೇ ತುಂಬಿದ್ದು, ಮೆತ್ತಗೆ ತುಂಬಬೇಕೆಂದೇ ತುಂಬಿದ್ದು ಎಂದಳು. ಮಗಳು ಬೇಡವೆಂದಳು, ತಾನು ಕೇಳಲಿಲ್ಲ ಎಂದೂ ಸೇರಿಸಿದಳು. ನೀನು ನನ್ನನ್ನು ಕೊಂದು ಎಷ್ಟೋ ತಿಂಗಳಾಯಿತು, ಈಗ ಬಂದಿದ್ದೀಯ ಕರೆದುಕೊಂಡು ಹೋಗಲು ಎಂದಳು. ರೊಮಿಲ್ಯೊಗೆ ಆ ಮಾತು ಅರ್ಥವಾಗಲಿಲ್ಲ. ಅವನು ದೋಣಿಯ ಕಡೆ ಕೈ ಮಾಡಿ ತೋರಿಸಿದ. ನೆಲ್ಡಾ ತಾಯಿಯನ್ನು ತಬ್ಬಿಕೊಂಡಳು, ಅವಳನ್ನು ಬಿಡಿಸಿ ದೂಡಿದರು. ಅವೆಲಿನಾ ದೋಣಿ ಹತ್ತುವಾಗ ಉಡುಪಿನ ಅಂಚು ಒದ್ದೆಯಾಗದಂತೆ ಎತ್ತಿ ಹಿಡಿದುಕೊಂಡಿದ್ದಳು. ಮೋಟರಿನ ಸದ್ದು ಹಿನ್ನೀರಿನ ತಿರುವಿನಲ್ಲಿ ಕಡಿಮೆಯಾಗಿ ನಿಂತುಹೋಯಿತು.

ಹೆಣ ಸಿಗಲಿಲ್ಲ. ನೆಲ್ಡಾ ಹಿನ್ನೀರಿನಂಚಿನ ಕಾಂಡ್ಲ ಕಾಡಿನ ಬೇರುಗಳ ನಡುವೆಲ್ಲ ದೋಣಿ ನಡೆಸಿ ಹುಡುಕಿದಳು.

ಸೈನ್ಯ ಮತ್ತೊಮ್ಮೆ ಬಂತು. ವಿಮಾನವನ್ನು ಸುಟ್ಟು, ಫೋಟೊ ತೆಗೆದು, ಇನ್ನೂ ದೊಡ್ಡ ಗುಂಡಿಗಳನ್ನು ಮಾಡಿ ಹೋಯಿತು. ತುಂಬಿಸಲು ಈ ಸಲ ಯಾರೂ ಬರಲಿಲ್ಲ. ಅವಾಸ್ ಸಿರ್ಪಿಯ ಹೆಂಗಸರ ಕೈ ಅಪಶಕುನ ಎಂದು ರೊಮಿಲ್ಯೊ ನದಿಯಾಚೆ ಬೇರೆ ಪಟ್ಟಿ ಮಾಡಿಸಿಕೊಂಡನಂತೆ. ಹಾಗೆ ಮುಚ್ಚಿತು ಅದು. ಹುಲ್ಲು ಬೆಳೆಯಿತು. ಗುಂಡಿಗಳಲ್ಲಿ ಕಪ್ಪೆಗಳು ಕೂಗಿದವು. ಓರ್ವಿನ್‌ನ ಕುರ್ಚಿಗೆ ಉರುಳಲು ಒಂದಿಷ್ಟು ಉದ್ದದ ನೆಲ ಮಾತ್ರ ಉಳಿಯಿತು, ಮೂಡಣ ತುದಿಯಲ್ಲಿ.

ಅಲ್ಲಿ, ಸಿಡಿದ ಮಣ್ಣಿನ ಅಂಚಿನಲ್ಲಿ, ಅವೆಲಿನಾ ಹೂತಿದ್ದ ಕಾಯಿಯೊಂದು ಗರಿ ಬಿಟ್ಟಿತ್ತು. ಅದನ್ನು ಮೊದಲು ಕಂಡವಳು ಹೇಜಲ್. ಅವಳು ಮಚ್ಚು ತಂದು ನೆಲ್ಡಾಳ ಕೈಗೆ ಕೊಟ್ಟಳು.

"ಅವರು ನೆಟ್ಟಿದ್ದು ಇದೊಂದು ಉಳಿದಿದೆ. ನೀನೇ ಕಡೀಬೇಕು ಕಣೇ. ಇಲ್ದಿದ್ರೆ ಅವರು ಇಲ್ಲೇ ಸುತ್ತಾಡ್ತಿರ್ತಾರೆ."

ನೆಲ್ಡಾ ಮಚ್ಚು ಹಿಡಿದು ಹೋದಳು. ಸುತ್ತಲಿನ ಹುಲ್ಲನ್ನು ಬುಡದವರೆಗೂ ಸವರಿದಳು. ಪೈನ್ ಕೊಂಬೆಗಳನ್ನು ಕಡಿದು, ಹಂದಿ ನುಗ್ಗದ ಹಾಗೆ ಸುತ್ತ ನೆಟ್ಟು ಬೇಲಿ ಕಟ್ಟಿದಳು. ಮಚ್ಚನ್ನು ಹೇಜಲ್‌ಗೆ ಹಿಂದಕ್ಕೆ ಕೊಟ್ಟಳು.

ಮರುದಿನ ಬೆಳಿಗ್ಗೆ ಓರ್ವಿನ್ ಎಂದಿನಂತೆ ಮಡಿಲಲ್ಲಿ ಹುಟ್ಟು ಇಟ್ಟುಕೊಂಡು ಆ ದಾರಿಯಲ್ಲಿ ಕುರ್ಚಿ ಉರುಳಿಸಿಕೊಂಡು ಬಂದ. ಬೇಲಿಯೊಳಗೆ ಗರಿ ಗಾಳಿಗೆ ಅಲುಗಿತು. ಅವನು ಹಿಂದೆ ಅಂಗಳದಲ್ಲಿ ಮಾಡುತ್ತಿದ್ದ ಹಾಗೆ ತಟ್ಟನೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಆ ಕಡೆ ನೋಡದೆ, ತಲೆ ತಗ್ಗಿಸಿ ದಾಟಿಹೋದ.